ಕುಂಡದಲ್ಲಿ ಬೆಳೆದ ವೀಳ್ಯದ ಬಳ್ಳಿ: ಅದನ್ನು ಹೊಸ ಕುಂಡಕ್ಕೆ ಸಾಗಿಸುವ ಕ್ರಮ

ಕದಿರಿಯ ಸಮೀಪದಲ್ಲಿರುವ ತಿಮ್ಮಮ್ಮ ಮರ್ರಿಮಾನು ಎಂಬ ಮಹಾವಟವೃಕ್ಷವನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಕಂಡಿರಬಹುದು. ಐದು ಎಕರೆಗಳಿಗೂ ಮಿಗಿಲಾದ ನೆಲವನ್ನು ತನ್ನ ನೆರಳಿನಿಂದ ಮುಚ್ಚಿರುವ ಆ ಮರವು ೧೯೮೯ರಲ್ಲಿ ಗಿನ್ನೆಸ್ ದಾಖಲೆಗಳ ಪುಸ್ತಕದಲ್ಲಿ ಸ್ಥಾನವನ್ನು ಪಡೆಯಿತು. ಅದರ ಬಿಳಲುಗಳು ನೆಲಕ್ಕಿಳಿದು ಕಂಬಗಳಾಗಿ ನಿಂತಿವೆ. ಒಂದು ಕಡೆಯ ಮಣ್ಣಿನಲ್ಲಿ ಸಾರವು ಸಾಲದಾದರೆ ಅದರ ಬೇರು ಮತ್ತೊಂದು ಕಡೆಗೆ ಹರಿಯುತ್ತದೆ. ಅದನ್ನು ತಡೆಯುವ ಗೋಡೆಯಿಲ್ಲ.

ನಮ್ಮ ಮನೆಯ ಹಿತ್ತಿಲಲ್ಲಿ, ಬಚ್ಚಲಿನ ಬಳಿಯ ತಂಪಿನಲ್ಲಿ, ಒಂದು ಮಣ್ಣಿನ ಕುಂಡದೊಳಗಿರುವ ವೀಳ್ಯದ ಬಳ್ಳಿಯ ಸ್ಥಿತಿಯಾದರೋ ಬೇರೆ. ಅದರ ಪಾಲಿಗೆ ಭೂಮಿಯೆಂದರೆ ಒಂದು ಗೇಣು ಮಣ್ಣು ಮಾತ್ರ. ಆ ಒಂದು ಗೇಣನ್ನು ನಾವು ಕೊಟ್ಟಿದ್ದೇವೆ. ಆದುದರಿಂದ ಅದು ತೀರಿದಾಗ ಮತ್ತೆ ಕೊಡತಕ್ಕವರೂ ನಾವೇ. ಈ ಕೆಲಸವನ್ನು ಯಾವಾಗ, ಏಕೆ ಮತ್ತು ಹೇಗೆ ಮಾಡಬೇಕೆಂಬುದನ್ನು ಈ ಪಾಠದಲ್ಲಿ ವಿಚಾರ ಮಾಡೋಣ.

ಬಳ್ಳಿಯ ಪರಿಚಯ

ವೀಳ್ಯದ ಬಳ್ಳಿಯು ಮೆಣಸಿನ ಬಳ್ಳಿಯ ಕುಲಕ್ಕೆ ಸೇರಿದುದು. ಕರಿಮೆಣಸು ಮತ್ತು ಹಿಪ್ಪಲಿ ಇದರ ಹತ್ತಿರದ ನಂಟರು. ಸಸ್ಯಶಾಸ್ತ್ರಜ್ಞರು ಇದನ್ನು ‘ಪೈಪರ್ ಬೀಟಲ್’ ಎಂದು ಕರೆಯುತ್ತಾರೆ. ನಮ್ಮ ಊರಿನ ಪೇಟೆಯಲ್ಲಿ ತೆಲುಗಿನಲ್ಲಿ ‘ತಮಲಪಾಕು’ ಎಂದು ಕೇಳಿದರೆ ಇದನ್ನೇ ಕೊಡುತ್ತಾರೆ. ಕನ್ನಡ ನಾಡಿನಲ್ಲಿ ಮೈಸೂರು ಎಲೆ, ಕರಿ ಎಲೆ, ಅಂಬಾಡಿ ಎಲೆ ಎಂಬ ಬಗೆಗಳು ಹೆಸರುವಾಸಿಯಾಗಿವೆ. ಈ ಬಳ್ಳಿಯಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಬೀಜದಿಂದ ಬೆಳೆಸುವ ರೂಢಿಯಿಲ್ಲ. ಗೆಣ್ಣುಗಳುಳ್ಳ ಕಾಂಡದ ತುಂಡನ್ನು ನೆಟ್ಟು ಬೆಳೆಸುತ್ತಾರೆ. ಒಂದು ಮನೆಯ ಬಳ್ಳಿಯ ತುಂಡು ಮತ್ತೊಂದು ಮನೆಗೆ ಹೋಗಿ, ಅಲ್ಲಿಂದ ಮಗದೊಂದು ಮನೆಗೆ ಹೋಗುತ್ತದೆ. ಹೀಗೆ ನೋಡಿದರೆ ನಮ್ಮ ಹಿತ್ತಿಲಿನ ಬಳ್ಳಿಯು ಎಷ್ಟೋ ತಲೆಮಾರುಗಳ ಹಿಂದಿನ ಒಂದು ಬಳ್ಳಿಯ ಮುಂದುವರಿದ ಭಾಗವೇ ಆಗಿರುತ್ತದೆ.

ಇದು ಬಹುವಾರ್ಷಿಕ ಸಸ್ಯ, ವರ್ಷವೆಲ್ಲ ಹಸುರಾಗಿರತಕ್ಕುದು. ಹಳೆಯ ಎಲೆಗಳು ಒಂದೊಂದಾಗಿ ಹಣ್ಣಾಗಿ ಉದುರುತ್ತವೆಯೇ ಹೊರತು, ಎಲ್ಲವೂ ಒಮ್ಮೆಗೇ ಉದುರುವುದಿಲ್ಲ. ಇದು ಮಳೆಕಾಡಿನ ಮೂಲದ ಬಳ್ಳಿ. ದೊಡ್ಡ ಮರಗಳ ನೆರಳಿನಲ್ಲಿ, ತೇವದಿಂದ ಕೂಡಿದ ಗಾಳಿಯಲ್ಲಿ ಬೆಳೆಯುವುದು ಇದರ ಸ್ವಭಾವ. ಆದುದರಿಂದಲೇ ರೈತರು ಎಲೆತೋಟದಲ್ಲಿ ಮೊದಲು ಅಗಸೆ, ನುಗ್ಗೆ, ಹಾಲುವಾಣ ಮುಂತಾದ ಮರಗಳನ್ನು ಎಬ್ಬಿಸಿ, ಅವುಗಳ ಆಸರೆಯಲ್ಲಿಯೂ ನೆರಳಿನಲ್ಲಿಯೂ ಬಳ್ಳಿಯನ್ನು ಹಬ್ಬಿಸುತ್ತಾರೆ. ನೆರಳಿನ ಸಸ್ಯಗಳ ಎಲೆಯು ಅಗಲವಾಗಿಯೂ ತೆಳುವಾಗಿಯೂ ಇರುವುದನ್ನು ಗಮನಿಸಿರಿ. ದೊರೆಯುವ ಅಲ್ಪ ಬೆಳಕನ್ನು ಆದಷ್ಟು ಹಿಡಿದುಕೊಳ್ಳಲು ಅಗಲವಾದ ಎಲೆಯು ಸಹಾಯಕ. ಆದರೆ ಅದೇ ಅಗಲವಾದ ಎಲೆಯು ಬಿಸಿಲಿಗೂ ಒಣಗಾಳಿಗೂ ಸಿಕ್ಕಿದರೆ ಬಹುಬೇಗ ನೀರನ್ನು ಕಳೆದುಕೊಳ್ಳುತ್ತದೆ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಎಲ್ಲ ನಿಯಮಗಳೂ ತಾವಾಗಿಯೇ ತಿಳಿಯುತ್ತವೆ.

ಮಣ್ಣನ್ನು ಏಕೆ ಬದಲಾಯಿಸಬೇಕು?

“ಗಿಡವು ಮಣ್ಣನ್ನು ತಿಂದು ಬೆಳೆಯುತ್ತದೆ, ಆದುದರಿಂದ ಕುಂಡದ ಮಣ್ಣು ತೀರಿಹೋಗುತ್ತದೆ” ಎಂದು ಮಕ್ಕಳು ಹೇಳುವುದುಂಟು. ಇದು ಎಷ್ಟರ ಮಟ್ಟಿಗೆ ನಿಜ? ವಾನ್ ಹೆಲ್ಮಾಂಟ್ ಎಂಬ ವಿದ್ವಾಂಸನು ಒಂದು ಕುಂಡದಲ್ಲಿ ೨೦೦ ಪೌಂಡು ಒಣಮಣ್ಣನ್ನು ತುಂಬಿ, ೫ ಪೌಂಡು ತೂಕದ ವಿಲ್ಲೋ ಸಸಿಯೊಂದನ್ನು ನೆಟ್ಟು, ಐದು ವರ್ಷ ಬರಿಯ ನೀರನ್ನೆರೆದು ಬೆಳೆಸಿದನು. ಐದು ವರ್ಷಗಳ ಮೇಲೆ ಮರದ ತೂಕವು ಸುಮಾರು ೧೬೯ ಪೌಂಡು ಆಗಿತ್ತು. ಮಣ್ಣಿನಲ್ಲಿ ಕಡಿಮೆಯಾದುದು ಸುಮಾರು ಎರಡು ಔನ್ಸು ಮಾತ್ರ! ಅವನ ಈ ಪ್ರಯೋಗದ ವಿವರವು ೧೬೪೮ರಲ್ಲಿ ಪ್ರಕಟವಾಯಿತು. ಮರವೆಲ್ಲವೂ ನೀರಿನಿಂದಲೇ ಆಯಿತೆಂದು ಅವನು ಭಾವಿಸಿದನು. ಅದು ಪೂರ್ಣವಾಗಿ ಸರಿಯಲ್ಲ. ಸಸ್ಯವು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು, ಬೆಳಕಿನ ಸಹಾಯದಿಂದ ಆಹಾರವನ್ನು ಮಾಡಿಕೊಳ್ಳುತ್ತದೆಂಬುದು ಮುಂದೆ ತಿಳಿದುಬಂದಿತು. ಆದರೂ ಸಸ್ಯವು ಮಣ್ಣಿನಿಂದ ತೆಗೆದುಕೊಳ್ಳುವ ಲವಣಾಂಶವು ತೂಕದಲ್ಲಿ ಬಹು ಸ್ವಲ್ಪವೆಂಬುದು ಈ ಪ್ರಯೋಗದಿಂದ ಸ್ಪಷ್ಟವಾಗುತ್ತದೆ.

ಹಾಗಾದರೆ ಕುಂಡದ ಮಣ್ಣು ಕೆಡುವುದೇಕೆ? ಇದಕ್ಕೆ ಮೂರು ಕಾರಣಗಳುಂಟು.

ಮೊದಲನೆಯದು, ಮಣ್ಣಿನ ರಚನೆ ಕುಸಿಯುವುದು. ಗೊಬ್ಬರವೂ ಎಲೆಪುಡಿಯೂ ಕಾಲಕ್ರಮದಲ್ಲಿ ಕೊಳೆತು ಕರಗಿಹೋಗುತ್ತವೆ. ಉಳಿದ ಸಣ್ಣ ಕಣಗಳು ಒತ್ತಾಗಿ ಕುಳಿತುಕೊಳ್ಳುತ್ತವೆ. ಬೇರು ಕೂಡ ಉಸಿರಾಡುತ್ತದೆ. ಮಣ್ಣಿನ ಕಣಗಳ ನಡುವೆ ಗಾಳಿಗೆ ಎಡೆಯಿಲ್ಲದಿದ್ದರೆ ಅದು ಬಳಲುತ್ತದೆ.

ಎರಡನೆಯದು, ಬೇರಿನ ಇಕ್ಕಟ್ಟು. ಬೇರುಗಳು ಕುಂಡದ ಗೋಡೆಯನ್ನು ಮುಟ್ಟಿ, ಮುಂದೆ ಹೋಗಲಾರದೆ, ಒಳಗೆ ಸುತ್ತು ಸುತ್ತಾಗಿ ಹೆಣೆದುಕೊಳ್ಳುತ್ತವೆ. ಆಗ ಕುಂಡದಲ್ಲಿ ಮಣ್ಣಿಗಿಂತ ಬೇರೇ ಹೆಚ್ಚಾಗಿ, ಎರೆದ ನೀರು ನಿಲ್ಲಲು ಸ್ಥಳವಿಲ್ಲದೆ ಅಂಚಿನಿಂದ ಜಾರಿ ಹೊರಬರುತ್ತದೆ.

ಮೂರನೆಯದು ನಮ್ಮ ಸೀಮೆಗೆ ವಿಶೇಷವಾಗಿ ಸಂಬಂಧಿಸಿದುದು. ಅವಿಭಕ್ತ ಅನಂತಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆಯು ಸರಾಸರಿ ಸುಮಾರು ೫೫೦ ಮಿಲಿಮೀಟರ್ ಮಾತ್ರ. ೨೦೨೨ರಲ್ಲಿ ಜಿಲ್ಲೆಯು ವಿಭಾಗವಾಗಿ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗವು ಅನಂತಪುರ ಜಿಲ್ಲೆಯಲ್ಲಿಯೇ ಉಳಿಯಿತು. ಆದರೆ ನೀರಿನ ಬಡತನವು ಎರಡಕ್ಕೂ ಸಮನಾಗಿಯೇ ಉಳಿದಿದೆ. ಕೊಳವೆ ಬಾವಿಯ ಗಡಸು ನೀರನ್ನು ಎರೆದಂತೆಲ್ಲ, ನೀರು ಆವಿಯಾಗಿ ಹೋಗಿ ಉಪ್ಪು ಮಣ್ಣಿನಲ್ಲಿಯೇ ಉಳಿಯುತ್ತದೆ. ಹಳೆಯ ಕುಂಡದ ಹೊರಮೈಯಲ್ಲಿಯೂ ಬಾಯಂಚಿನಲ್ಲಿಯೂ ಕಾಣುವ ಬಿಳಿಯ ಹೊಪ್ಪಳೆಯು ಈ ಉಪ್ಪೇ. ಇದು ಹೆಚ್ಚಾದಾಗ ಎಲೆಯ ಅಂಚು ಸುಟ್ಟಂತಾಗುತ್ತದೆ.

ಬಳ್ಳಿಯು ತೋರಿಸುವ ಚಿಹ್ನೆಗಳು

ಬಳ್ಳಿಗೆ ಮಾತು ಬಾರದು; ಆದರೂ ಅದು ತನ್ನ ಕಷ್ಟವನ್ನು ತಿಳಿಸುತ್ತದೆ. ಕುಂಡದ ತಳದ ರಂಧ್ರದಿಂದ ಬೇರು ಹೊರಗೆ ಇಣುಕುವುದು. ಬೆಳಗ್ಗೆ ನೀರೆರೆದರೂ ಮಧ್ಯಾಹ್ನಕ್ಕೆ ಎಲೆ ಬಾಡುವುದು. ಹೊಸ ಎಲೆಗಳು ಹಿಂದಿನವುಗಳಿಗಿಂತ ಚಿಕ್ಕದಾಗುವುದು. ಬುಡದ ಕಡೆ ಎಲೆಯಿಲ್ಲದ ಬರಿಯ ಕಾಂಡವು ಉದ್ದವಾಗುವುದು—ಇವುಗಳಲ್ಲಿ ಎರಡು ಚಿಹ್ನೆಗಳು ಕೂಡಿ ಬಂದರೆ ಕುಂಡವನ್ನು ಬದಲಾಯಿಸುವ ಕಾಲವು ಬಂದಿತೆಂದು ತಿಳಿಯಬಹುದು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಈ ಕೆಲಸವು ಬೀಳುತ್ತದೆ. ಚಿಹ್ನೆಯಿಲ್ಲದೆ ಸುಮ್ಮನೆ ಬೇರನ್ನು ಕದಲಿಸುವುದು ಸಲ್ಲದು.

ಯಾವ ಕಾಲದಲ್ಲಿ? — ನಾವು ಕಲಿತ ಒಂದು ಪಾಠ

ಮಳೆಗಾಲದ ಆರಂಭದಲ್ಲಿ, ಅಂದರೆ ಜೂನ್ ತಿಂಗಳಿನಲ್ಲಿ, ಕುಂಡ ಬದಲಾಯಿಸುವುದು ಒಳ್ಳೆಯದೆಂದು ತೋಟಗಾರಿಕೆಯ ಪುಸ್ತಕಗಳು ಹೇಳುವುದುಂಟು. ಮಲೆನಾಡಿಗೆ ಆ ಮಾತು ಒಪ್ಪುತ್ತದೆ. ನಮ್ಮ ಸೀಮೆಗೆ ಅದನ್ನು ಹಾಗೆಯೇ ಒಪ್ಪಿಕೊಂಡು ನಾವು ಒಮ್ಮೆ ತಪ್ಪು ಮಾಡಿದೆವು. ಅದನ್ನು ಇಲ್ಲಿ ಹೇಳಿಕೊಳ್ಳುವುದರಿಂದ ಇತರರಿಗೆ ಪ್ರಯೋಜನವಾದೀತು.

ನಮ್ಮ ಶಾಲೆಯ ಅಂಗಳದಲ್ಲಿ ಒಂದು ವೀಳ್ಯದ ಬಳ್ಳಿಯಿದ್ದಿತು. ಕಲ್ಯಾಣದುರ್ಗದ ಕಡೆಯ ಒಂದು ಹಳ್ಳಿಯಿಂದ, ನಮ್ಮ ವಿದ್ಯಾರ್ಥಿನಿಯೊಬ್ಬಳ ಅಜ್ಜಿಯವರು ಅದರ ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಹಿಂದೂಪುರಕ್ಕೆ ತಂದುಕೊಟ್ಟಿದ್ದರು. ಅವರು ಮದುವೆಯಾಗಿ ಬಂದಾಗ ತವರಿನಿಂದ ತಂದ ಬಳ್ಳಿಯಂತೆ ಅದು. ಕೆಲವು ವರ್ಷಗಳ ತರುವಾಯ ಅಜ್ಜಿಯವರು ಕಾಲವಾದರು. ಹಳ್ಳಿಯ ಮನೆಗೆ ಬೀಗ ಬಿದ್ದು, ಅಲ್ಲಿಯ ಬಳ್ಳಿಯು ನೀರಿಲ್ಲದೆ ಒಣಗಿತು. ಹೀಗೆ ನಮ್ಮ ಅಂಗಳದ ಬಳ್ಳಿಯೊಂದೇ ಉಳಿದಿದೆಯೆಂದು ನಾವು ತಿಳಿದಿದ್ದೆವು.

ಅಂತಹ ಬಳ್ಳಿಯನ್ನು ನಾವು ಆಷಾಢ ಮಾಸದಲ್ಲಿ ಹೊಸ ಕುಂಡಕ್ಕೆ ಸಾಗಿಸಿದೆವು. ಮಣ್ಣೂ ಚೆನ್ನಾಗಿತ್ತು, ಕುಂಡವೂ ಚೆನ್ನಾಗಿತ್ತು. ಆದರೆ ಆಷಾಢದ ಗಾಳಿಯನ್ನು ನಾವು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಪಶ್ಚಿಮ ಘಟ್ಟಗಳಲ್ಲಿ ಮಳೆಯನ್ನು ಸುರಿಸಿ ಬರುವ ನೈಋತ್ಯ ಮಾರುತವು ನಮ್ಮ ಸೀಮೆಯನ್ನು ತಲಪುವ ಹೊತ್ತಿಗೆ ತೇವವನ್ನು ಬಹುಮಟ್ಟಿಗೆ ಕಳೆದುಕೊಂಡಿರುತ್ತದೆ. ಬಲವನ್ನು ಮಾತ್ರ ಕಳೆದುಕೊಂಡಿರುವುದಿಲ್ಲ. ಕಲ್ಯಾಣದುರ್ಗದ ಕಡೆಯ ಬೆಳುಗುಪ್ಪ ಮುಂತಾದ ಎಡೆಗಳಲ್ಲಿ ವಿದ್ಯುತ್ತನ್ನು ಉತ್ಪಾದಿಸುವ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಕದಲಿದ ಬೇರುಗಳು ಇನ್ನೂ ನೀರನ್ನು ಹೀರಲು ಶಕ್ತವಾಗಿರಲಿಲ್ಲ; ಎಲೆಗಳಿಂದ ಗಾಳಿಯು ಹಗಲೂ ಇರುಳೂ ನೀರನ್ನು ಸೆಳೆಯುತ್ತಿತ್ತು. ಆದಾಯವಿಲ್ಲದೆ ವೆಚ್ಚ ಮಾತ್ರ ನಡೆದ ಮನೆಯ ಗತಿಯೇ ಬಳ್ಳಿಗೂ ಆಯಿತು. ಹತ್ತು ದಿನಗಳಲ್ಲಿ ಎಲೆಗಳೆಲ್ಲ ಜೋತುಬಿದ್ದವು. ನಾವು ಗಾಬರಿಯಿಂದ ಮತ್ತಷ್ಟು ನೀರೆರೆದೆವು. ಅದರಿಂದ ಬುಡವೂ ಕೊಳೆಯಿತು.

ಬಳ್ಳಿಯು ಸತ್ತಿತೆಂದು ತಿಳಿದ ದಿನ ಆ ಹುಡುಗಿಗೆ ಹೇಗೆ ಹೇಳುವುದೆಂದು ನಮಗೆ ತೋಚಲಿಲ್ಲ. ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದಳು. ಅಷ್ಟರಲ್ಲಿ ಆರನೆಯ ತರಗತಿಯ ಹುಡುಗನೊಬ್ಬನು, “ಮೇಷ್ಟ್ರೇ, ಹೋದ ವರ್ಷ ತುದಿ ಕತ್ತರಿಸಿದಾಗ ಒಂದು ತುಂಡನ್ನು ನಾನು ಮನೆಗೆ ತೆಗೆದುಕೊಂಡು ಹೋಗಿದ್ದೆ. ಅಮ್ಮ ಅದನ್ನು ತೊಟ್ಟಿಯ ಪಕ್ಕದಲ್ಲಿ ನೆಟ್ಟಿದ್ದಾರೆ. ಚೆನ್ನಾಗಿ ಹಬ್ಬಿದೆ” ಎಂದನು. ಆ ಬಳ್ಳಿಯಿಂದ ಮೂರು ತುಂಡುಗಳು ಮರಳಿ ಶಾಲೆಗೆ ಬಂದವು. ಅವುಗಳಲ್ಲಿ ಎರಡು ಚಿಗುರಿದವು. ಒಂದು ಈಗ ಶಾಲೆಯ ಅಂಗಳದಲ್ಲಿದೆ. ಮತ್ತೊಂದು ಆ ಹುಡುಗಿಯ ಮನೆಯಲ್ಲಿದೆ.

ಅಂದಿನಿಂದ ನಾವು ಒಂದು ನಿಯಮವನ್ನಿಟ್ಟುಕೊಂಡಿದ್ದೇವೆ. ಗಾಳಿಯು ಇಳಿದು, ನಮ್ಮ ಸೀಮೆಗೆ ನಿಜವಾಗಿ ಮಳೆ ಬರುವುದು ಭಾದ್ರಪದ-ಆಶ್ವಯುಜಗಳಲ್ಲಿ, ಎಂದರೆ ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ. ಗೌರೀಹಬ್ಬಕ್ಕೆ ತಾಂಬೂಲಕ್ಕಾಗಿ ಬಲಿತ ಎಲೆಗಳನ್ನು ಹೇಗೂ ಕೊಯ್ಯುತ್ತೇವೆ. ಹಬ್ಬವು ಮುಗಿದ ಮೇಲೆ, ಮೋಡವಿರುವ ಒಂದು ಸಂಜೆ ಕುಂಡವನ್ನು ಬದಲಾಯಿಸುವುದು. ಎಲೆಗಳು ಕಡಿಮೆಯಾಗಿರುವುದರಿಂದ ನೀರಿನ ವೆಚ್ಚವೂ ಕಡಿಮೆ. ಗಾಳಿಯಲ್ಲಿ ತೇವವೂ ಇರುತ್ತದೆ.

ಕುಂಡದ ಅಳತೆ

ಮತ್ತೆ ಮತ್ತೆ ಬದಲಾಯಿಸುವ ತೊಂದರೆ ತಪ್ಪಲೆಂದು ಒಮ್ಮೆಗೇ ಬಹು ದೊಡ್ಡ ಕುಂಡಕ್ಕೆ ಸಾಗಿಸುವವರುಂಟು. ಇದು ತಪ್ಪು. ಗಣಿತದ ಸಹಾಯದಿಂದ ಇದನ್ನು ನೋಡೋಣ. ಕುಂಡವನ್ನು ಒಂದು ಸಿಲಿಂಡರ್ ಎಂದು ಭಾವಿಸಿರಿ. ೮ ಅಂಗುಲ ವ್ಯಾಸ, ೮ ಅಂಗುಲ ಎತ್ತರದ ಕುಂಡದಲ್ಲಿ ಹಿಡಿಯುವ ಮಣ್ಣು ಸುಮಾರು ೪೦೨ ಘನ ಅಂಗುಲ. ೧೦ ಅಂಗುಲ ವ್ಯಾಸ, ೧೦ ಅಂಗುಲ ಎತ್ತರದ ಕುಂಡದಲ್ಲಿ ಸುಮಾರು ೭೮೫ ಘನ ಅಂಗುಲ. ೧೨ ಅಂಗುಲದ್ದರಲ್ಲಿ ಸುಮಾರು ೧೩೫೭ ಘನ ಅಂಗುಲ. ಎರಡೇ ಅಂಗುಲ ಹೆಚ್ಚಿಸಿದರೆ ಮಣ್ಣು ಹೆಚ್ಚುಕಡಮೆ ಇಮ್ಮಡಿಯಾಯಿತು. ನಾಲ್ಕು ಅಂಗುಲ ಹೆಚ್ಚಿಸಿದರೆ ಮೂರು ಪಟ್ಟಿಗೂ ಮೀರಿತು! ಬೇರಿಲ್ಲದ ಆ ಹೆಚ್ಚಿನ ಮಣ್ಣಿನಿಂದ ನೀರನ್ನು ಹೀರುವವರಾರು? ಅದು ಸದಾ ಒದ್ದೆಯಾಗಿಯೇ ಇದ್ದು ಬೇರು ಕೊಳೆಯಲು ಕಾರಣವಾಗುತ್ತದೆ. ಆದುದರಿಂದ ಹೊಸ ಕುಂಡವು ಹಳೆಯದಕ್ಕಿಂತ ಎರಡು ಅಂಗುಲ ಮಾತ್ರ ಅಗಲವಾಗಿದ್ದರೆ ಸಾಕು.

ಸುಟ್ಟ ಮಣ್ಣಿನ ಕುಂಡವು ಉತ್ತಮ. ಅದರ ಗೋಡೆಯ ಸೂಕ್ಷ್ಮ ರಂಧ್ರಗಳಿಂದ ನೀರು ಆವಿಯಾಗುವುದರಿಂದ, ಹೂಜಿಯ ನೀರಿನಂತೆ, ಬೇರು ತಂಪಾಗಿರುತ್ತದೆ. ಹೊಸ ಕುಂಡವನ್ನು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಡಬೇಕು. ಇಲ್ಲವಾದರೆ ಒಣಗಿದ ಗೋಡೆಯು ಮಣ್ಣಿನ ನೀರನ್ನು ತಾನೇ ಕುಡಿಯುತ್ತದೆ.

ತಳದಲ್ಲಿ ಜಲ್ಲಿಯನ್ನು ಹಾಕಬೇಕೇ?

ಕುಂಡದ ತಳದಲ್ಲಿ ಮೂರು ನಾಲ್ಕು ಅಂಗುಲ ಜಲ್ಲಿಯನ್ನು ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆಂದು ನಮ್ಮಲ್ಲಿ ಬಹುಮಂದಿ ನಂಬಿದ್ದಾರೆ. ಪರೀಕ್ಷೆಯಿಂದ ಇದು ಸರಿಯಲ್ಲವೆಂದು ತಿಳಿದುಬಂದಿದೆ. ಸಣ್ಣ ಕಣಗಳ ಮಣ್ಣಿನಿಂದ ದಪ್ಪ ಕಲ್ಲಿನ ಪದರಕ್ಕೆ ನೀರು ಸುಲಭವಾಗಿ ಇಳಿಯದು. ಮೇಲಿನ ಮಣ್ಣು ಪೂರ್ಣವಾಗಿ ನೆನೆದ ಮೇಲೆ ಮಾತ್ರ ಇಳಿಯುತ್ತದೆ. ಹೀಗಾಗಿ ಕೆಸರಿನ ಪದರವು ಕೆಳಗಿರುವುದರ ಬದಲು ಬೇರಿಗೆ ಇನ್ನಷ್ಟು ಹತ್ತಿರಕ್ಕೆ ಏರಿ ನಿಲ್ಲುತ್ತದೆ.

ಮನೆಯಲ್ಲಿಯೇ ಒಂದು ಪ್ರಯೋಗವನ್ನು ಮಾಡಿರಿ. ಪಾತ್ರೆ ತೊಳೆಯುವ ಆಯತಾಕಾರದ ಸ್ಪಂಜನ್ನು ನೀರಿನಲ್ಲಿ ಚೆನ್ನಾಗಿ ನೆನೆಸಿ, ಅಡ್ಡಲಾಗಿ, ಅಗಲವಾದ ಮೈ ಕೆಳಗಾಗುವಂತೆ ಹಿಡಿಯಿರಿ. ನೀರು ತೊಟ್ಟಿಕ್ಕಿ ನಿಲ್ಲುತ್ತದೆ. ಈಗ ಅದನ್ನು ಹಿಂಡದೆ, ನಿಧಾನವಾಗಿ ತಿರುಗಿಸಿ ಉದ್ದಕ್ಕೆ ನಿಲ್ಲಿಸಿರಿ. ಮತ್ತೆ ನೀರು ತೊಟ್ಟಿಕ್ಕುತ್ತದೆ! ನೀರನ್ನು ಹಿಡಿದಿಟ್ಟುಕೊಳ್ಳುವ ತಳದ ಪದರವು ಎರಡು ಸಂದರ್ಭಗಳಲ್ಲಿಯೂ ಹೆಚ್ಚುಕಡಮೆ ಅಷ್ಟೇ ದಪ್ಪ. ಎತ್ತರವು ಹೆಚ್ಚಾದಾಗ ಅದರ ಮೇಲಿನ ಭಾಗವು ಬಸಿದು ಗಾಳಿಯಾಡುತ್ತದೆ. ಜಲ್ಲಿಯನ್ನು ತುಂಬಿದರೆ ಮಣ್ಣಿನ ಎತ್ತರವನ್ನು ನಾವೇ ಕಡಿಮೆ ಮಾಡಿದಂತಾಯಿತು. ಆದುದರಿಂದ ರಂಧ್ರದ ಮೇಲೆ ಮಣ್ಣು ಜಾರದಂತೆ ಒಂದು ಮಡಕೆಯ ಚೂರನ್ನು ಬೋರಲಾಗಿ ಇಟ್ಟರೆ ಸಾಕು.

ಮಣ್ಣಿನ ಮಿಶ್ರಣ

ನಮ್ಮ ಕೆಮ್ಮಣ್ಣು ಎರಡು ಭಾಗ, ದಪ್ಪ ಮರಳು ಒಂದು ಭಾಗ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎಲೆಗೊಬ್ಬರ ಒಂದು ಭಾಗ. ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ತೆಂಗಿನ ನಾರಿನ ಪುಡಿಯು ದೊರೆತರೆ ಅರ್ಧ ಭಾಗ ಸೇರಿಸಬಹುದು. ಅದು ತೇವವನ್ನು ಹಿಡಿಯುತ್ತದೆ. ಕಡಲೆಕಾಯಿಯ ಸಿಪ್ಪೆಯು ನಮ್ಮಲ್ಲಿ ಬೇಕಾದಷ್ಟಿದೆ. ಗುಂಡಿಯಲ್ಲಿ ಹಾಕಿ ಕೊಳೆಯಿಸಿದ ಸಿಪ್ಪೆಯು ಮಣ್ಣನ್ನು ಸಡಿಲಗೊಳಿಸುತ್ತದೆ. ಹಸಿಯ ಗೊಬ್ಬರವನ್ನೂ ಹಸಿಯ ಸಿಪ್ಪೆಯನ್ನೂ ಎಂದಿಗೂ ಹಾಕಬಾರದು. ಮಿಶ್ರಣವನ್ನು ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು. ಬೆರಳಿನಿಂದ ತಟ್ಟಿದರೆ ಒಡೆಯಬೇಕು. ಒಡೆಯದಿದ್ದರೆ ಮರಳು ಸಾಲದೆಂದು ತಿಳಿಯಿರಿ.

ಕೆಲಸದ ಕ್ರಮ

೧. ಹಿಂದಿನ ದಿನ ಸಂಜೆ ಹಳೆಯ ಕುಂಡಕ್ಕೆ ನೀರೆರೆಯಬೇಕು. ಒದ್ದೆಯಾದ ಮಣ್ಣು ಬೇರಿನೊಡನೆ ಒಂದೇ ಗಡ್ಡೆಯಾಗಿ ಬರುತ್ತದೆ.

೨. ಬಳ್ಳಿಯನ್ನು ಆಸರೆಯ ಕೋಲಿನಿಂದ ಮೆಲ್ಲಗೆ ಬಿಡಿಸಬೇಕು. ಗೆಣ್ಣಿನ ಬೇರುಗಳು ಕೋಲನ್ನು ಕಚ್ಚಿಕೊಂಡಿದ್ದರೆ ಕೋಲನ್ನೇ ಬಳ್ಳಿಯೊಡನೆ ಸಾಗಿಸುವುದು ಲೇಸು.

೩. ಕುಂಡವನ್ನು ಓರೆ ಮಾಡಿ, ಅಂಚನ್ನು ಮೆಲ್ಲಗೆ ತಟ್ಟಿ, ಅಂಗೈಯಿಂದ ಮಣ್ಣಿಗೆ ಆಧಾರ ಕೊಟ್ಟು ಹೊರತೆಗೆಯಬೇಕು. ಕಾಂಡವನ್ನು ಹಿಡಿದು ಎಳೆಯಬಾರದು. ಬಾರದಿದ್ದರೆ ಕರಣೆಯನ್ನು ಗೋಡೆಯ ಉದ್ದಕ್ಕೂ ಒಮ್ಮೆ ಆಡಿಸಬೇಕು.

೪. ಸುತ್ತಿಕೊಂಡ ಹೊರಬೇರುಗಳನ್ನು ಬೆರಳಿನಿಂದ ಸಡಿಲಿಸಬೇಕು. ಆರೋಗ್ಯವಾದ ಬೇರು ಬೆಳ್ಳಗೆ, ಗಟ್ಟಿಯಾಗಿರುತ್ತದೆ. ಕಪ್ಪಾಗಿ ಮೆತ್ತಗಾದುದು ಕೊಳೆತ ಬೇರು. ಅದನ್ನು ಕುದಿವ ನೀರಿನಲ್ಲಿ ಅದ್ದಿ ತೆಗೆದ ಕತ್ತರಿಯಿಂದ ಕತ್ತರಿಸಬೇಕು. ಹಳೆಯ ಮಣ್ಣೆಲ್ಲವನ್ನೂ ತೊಳೆದು ತೆಗೆಯುವ ಅಗತ್ಯವಿಲ್ಲ. ಉಪ್ಪು ಹತ್ತಿದ ಮೇಲ್ಮಣ್ಣನ್ನು ಮಾತ್ರ ಕೆರೆದು ತೆಗೆಯಬೇಕು.

೫. ಬುಡದಲ್ಲಿ ಎಲೆಯಿಲ್ಲದ ಬಲಿತ ಕಾಂಡವು ಉದ್ದವಾಗಿದ್ದರೆ, ಅದನ್ನು ಸುರುಳಿಯಾಗಿ ಸುತ್ತಿ ಹೊಸ ಮಣ್ಣಿನಲ್ಲಿ ಮಲಗಿಸಬಹುದು. ಎಲೆತೋಟದ ರೈತರು ಬಳ್ಳಿಯನ್ನು ಇಳಿಸುವಾಗ ಮಾಡುವುದು ಇದನ್ನೇ. ಹೂತ ಪ್ರತಿಯೊಂದು ಗೆಣ್ಣಿನಿಂದಲೂ ಹೊಸ ಬೇರು ಹೊರಟು, ಮುದಿ ಬಳ್ಳಿಗೆ ಮತ್ತೆ ಯೌವನವು ಬರುತ್ತದೆ. ಎಳೆಯ ಹಸುರು ಕಾಂಡವನ್ನು ಮಾತ್ರ ಹೂಳಬಾರದು, ಅದು ಕೊಳೆಯುತ್ತದೆ.

೬. ಸುತ್ತಲೂ ಮಣ್ಣನ್ನು ತುಂಬಿ, ಬೆರಳಿನಿಂದ ಹಗುರವಾಗಿ ಒತ್ತಿ, ಬಾಯಂಚಿನಿಂದ ಒಂದು ಅಂಗುಲ ಸ್ಥಳವನ್ನು ನೀರಿಗಾಗಿ ಬಿಡಬೇಕು.

೭. ತಳದಿಂದ ನೀರು ಹೊರಬರುವ ತನಕ ನಿಧಾನವಾಗಿ ನೀರೆರೆಯಬೇಕು.

ತರುವಾಯದ ಆರೈಕೆ

ಹದಿನೈದು ದಿನಗಳವರೆಗೆ ಕುಂಡವನ್ನು ಗಾಳಿ ಬೀಸದ ನೆರಳಿನಲ್ಲಿ ಇಡಬೇಕು. ಗಾಳಿ ಬರುವ ಕಡೆ ಒದ್ದೆ ಗೋಣಿಯನ್ನು ತೂಗುಹಾಕಿದರೆ ಸುತ್ತಣ ಗಾಳಿಯು ತಂಪಾಗುತ್ತದೆ. ಎಲೆಗಳ ಮೇಲೆ ಬೆಳಗ್ಗೆ ನೀರನ್ನು ಚಿಮುಕಿಸಬಹುದು. ಒಂದು ತಿಂಗಳು ಯಾವ ಗೊಬ್ಬರವನ್ನೂ ಕೊಡಬಾರದು. ಗಾಯಗೊಂಡ ಬೇರಿಗೆ ಗೊಬ್ಬರವು ಹೊರೆಯಾಗುತ್ತದೆ.

ಎಲೆ ಬಾಡಿದೊಡನೆ ನೀರೆರೆಯುವುದು ನಮ್ಮೆಲ್ಲರ ಅಭ್ಯಾಸ. ಮೊದಲು ಬೆರಳನ್ನು ಎರಡು ಗೆಣ್ಣಿನ ಆಳ ಮಣ್ಣಿನಲ್ಲಿ ಇಳಿಸಿ ನೋಡಿರಿ. ಮಣ್ಣು ಒದ್ದೆಯಾಗಿದ್ದೂ ಎಲೆ ಬಾಡಿದ್ದರೆ, ಕೊರತೆಯಾಗಿರುವುದು ನೀರಲ್ಲ, ನೆರಳು. ವೀಳ್ಯದ ಬಳ್ಳಿಯ ದೊಡ್ಡ ಶತ್ರುವಾದ ಬುಡಕೊಳೆ ರೋಗವು ನಿಂತ ನೀರಿನಲ್ಲಿಯೇ ಹರಡುತ್ತದೆ. ತರಕಾರಿ, ಅಕ್ಕಿ ತೊಳೆದ ನೀರು ಈ ಬಳ್ಳಿಗೆ ಸಾಕು. ಸಾಬೂನು ಬೆರೆತ ನೀರು ಸಲ್ಲದು. ಒಂದು ಬಿಂದಿಗೆ ನೀರಿಗಾಗಿ ತಾಯಂದಿರು ಕಾಯಬೇಕಾದ ಸೀಮೆಯಲ್ಲಿ ಕುಂಡದ ಬಳ್ಳಿಗೆ ಹೊಸ ನೀರನ್ನು ಕೇಳುವುದು ಉಚಿತವಲ್ಲ.

ಇನ್ನೊಂದು ಮಾತು

ವೀಳ್ಯದೆಲೆಯು ನಮ್ಮಲ್ಲಿ ಗೌರವದ ಚಿಹ್ನೆ. ನಿಶ್ಚಿತಾರ್ಥಕ್ಕೂ ಬಾಗಿನಕ್ಕೂ ಆಂಜನೇಯನ ಹಾರಕ್ಕೂ ಅದು ಬೇಕು. ಆದರೆ ಎಲೆಯೊಡನೆ ಹೊಗೆಸೊಪ್ಪನ್ನು ಅಗಿಯುವ ಅಭ್ಯಾಸವು ಬಾಯಿಯ ಕ್ಯಾನ್ಸರಿಗೆ ಕಾರಣವಾಗುತ್ತದೆ. ಅಡಿಕೆಯೂ ಕ್ಯಾನ್ಸರ್ ತರುವ ವಸ್ತುವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೨೦೦೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತಿಳಿಸಿದೆ. ಬಳ್ಳಿಯನ್ನು ಬೆಳೆಸೋಣ, ಎಲೆಯನ್ನು ಹಿರಿಯರಿಗೆ ಕೊಟ್ಟು ನಮಸ್ಕರಿಸೋಣ. ಕೆಟ್ಟ ಚಟವನ್ನು ಮಾತ್ರ ಅದರೊಡನೆ ಬೆಳೆಸುವುದು ಬೇಡ.

ಕುಂಡವನ್ನು ಬದಲಾಯಿಸಿದ ದಿನ ಮೂರು ಗೆಣ್ಣುಗಳುಳ್ಳ ಎರಡು ತುಂಡುಗಳನ್ನು ಕತ್ತರಿಸಿ, ಒಂದನ್ನು ನೆರೆಮನೆಗೂ ಮತ್ತೊಂದನ್ನು ಸ್ನೇಹಿತರ ಮನೆಗೂ ಕೊಡಿರಿ. ನಮ್ಮ ಶಾಲೆಯ ಬಳ್ಳಿಯು ಇಂದು ಹಸುರಾಗಿರುವುದು ನಮ್ಮ ಜಾಣ್ಮೆಯಿಂದಲ್ಲ. ಒಬ್ಬ ಹುಡುಗನ ತಾಯಿಯವರು ಒಂದು ತುಂಡನ್ನು ಬಿಸಾಡದೆ ನೆಟ್ಟುದರಿಂದ.

ಅಭ್ಯಾಸ

೧. ೬ ಅಂಗುಲ ವ್ಯಾಸ, ೬ ಅಂಗುಲ ಎತ್ತರದ ಕುಂಡದಲ್ಲಿ ಎಷ್ಟು ಘನ ಅಂಗುಲ ಮಣ್ಣು ಹಿಡಿಯುತ್ತದೆ? ೮ ಅಂಗುಲದ ಕುಂಡವು ಅದರ ಎಷ್ಟು ಪಟ್ಟು?

೨. ನೀರೆರೆದ ಒಂದು ಚಿಕ್ಕ ಕುಂಡವನ್ನು ಬೆಳಗ್ಗೆಯೂ ಸಂಜೆಯೂ ತೂಗಿ ಬರೆದಿಡಿರಿ. ಗಾಳಿಯಿರುವ ದಿನಕ್ಕೂ ಇಲ್ಲದ ದಿನಕ್ಕೂ ಎಷ್ಟು ವ್ಯತ್ಯಾಸ ಕಂಡುಬರುತ್ತದೆ?

೩. ನಿಮ್ಮ ಮನೆಯಲ್ಲಿರುವ ಬಳ್ಳಿಯು ಎಲ್ಲಿಂದ ಬಂದಿತೆಂಬುದನ್ನು ಅಜ್ಜಿ ತಾತಂದಿರಲ್ಲಿ ಕೇಳಿ ಹತ್ತು ವಾಕ್ಯಗಳಲ್ಲಿ ಬರೆಯಿರಿ.